ಕ್ಲಾಸಲ್ಲಿ ದಿಟ್ಟಿಸ್ತಾ ಕೂರೋ ಮಗೂನ ಬೈಬೇಡಿ

ಸಂಪಾದಕರಿಗೆ ನಮಸ್ಕಾರ,

ಫಿಟ್ಸ್ ಅಂದ್ರೆ ಕೈಕಾಲು ಅದುರಿ ಬಾಯಲ್ಲಿ ನೊರೆ ಬರೋದು ಅಂತಲೇ ಎಲ್ರೂ ಅಂದ್ಕೊಂಡಿರ್ತಾರೆ, ಆದ್ರೆ ಸುಮಾರು 4ರಿಂದ 10 ವರ್ಷದೊಳಗೆ ಶುರುವಾಗೋ ಆಬ್ಸೆನ್ಸ್ ಎಪಿಲೆಪ್ಸಿ ಅಂತ ಒಂದಿದೆ, ಅದರಲ್ಲಿ ಮಗು ಬೀಳೋದೇ ಇಲ್ಲ. ನಮ್ಮಕ್ಕನ ಮಗಳು ಮಗ್ಗಿ ಹೇಳ್ತಾ ಹೇಳ್ತಾ ನಿಲ್ಲಿಸಿಬಿಡ್ತಿದ್ಲು, ರೆಪ್ಪೆ ಪಟಪಟ ಅನ್ನೋದು, ಹತ್ತು ಸೆಕೆಂಡಾದ್ಮೇಲೆ ಏನೂ ಆಗಿಲ್ಲ ಅನ್ನೋ ಥರ ಮುಂದುವರಿಸೋಳು, ದಿನಕ್ಕೆ ಎಷ್ಟೋ ಸಲ. ಸ್ಕೂಲ್ ಡೈರಿಲಿ ಮಾತ್ರ ‘ಗಮನ ಕೊಡಲ್ಲ’ ಅಂತ ಕಂಪ್ಲೇಂಟು.

ಇಲ್ಲೇ ಬೆಂಗಳೂರಲ್ಲಿ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆನ ಗೆರೆಗಳಲ್ಲಿ ತೋರಿಸೋ ಪರೀಕ್ಷೆ) ಮಾಡಿಸ್ದಾಗ ಮೂರು ನಿಮಿಷ ಜೋರಾಗಿ ಉಸಿರಾಡು ಪುಟ್ಟಿ ಅಂದ್ರು, ಅಷ್ಟರಲ್ಲೇ ಅಟ್ಯಾಕ್ ಬಂತು. ಸಣ್ಣಗೆ ಓಡ್ತಿದ್ದ ಗೆರೆಗಳೆಲ್ಲ ಒಟ್ಟಿಗೆ ಎದ್ವು, ಮುಳ್ಳಿನಂಥ ಒಂದು ಚೂಪು, ಅದರ ಹಿಂದೇನೇ ಒಂದು ದುಂಡನೆ ಅಲೆ, ಸೆಕೆಂಡಿಗೆ ಮೂರು ಸಲ, ತಲೆಯ ಎರಡೂ ಕಡೆ ಒಂದೇ ಲಯ, ಆಮೇಲೆ ತಟ್ಟನೆ ನಿಂತ್ಹೋಯ್ತು. ಮೆದುಳಿನ ಒಳಗಡೆ ಇರೋ ಥಾಲಮಸ್ ಅನ್ನೋ ಭಾಗ, ಮೆದುಳಿನ ಹೊರಪದರ ಎರಡೂ ಆ ಲಯದಲ್ಲಿ ಸಿಕ್ಕಾಕ್ಕೊಂಡಾಗ ಹೀಗಾಗುತ್ತಂತೆ. ಗಿಬ್ಸ್, ಡೇವಿಸ್, ಲೆನಾಕ್ಸ್ ಅನ್ನೋ ಅಮೆರಿಕದ ಸಂಶೋಧಕರು ಇದನ್ನ 1935ರಲ್ಲೇ ದಾಖಲಿಸಿದಾರೆ, ನಮ್ಮ ಕ್ಲಾಸ್‌ರೂಮಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅನ್ನೋದೇ ನನ್ನ ಸಂಕಟ.

ಎಥೋಸಕ್ಸಿಮೈಡ್ ಥರದ ಔಷಧಿಗೆ ತುಂಬಾ ಮಕ್ಕಳಲ್ಲಿ ಇದು ಹತೋಟಿಗೆ ಬರುತ್ತೆ, ಆದ್ರೆ ಬೇರೆ ಫಿಟ್ಸಿಗೆ ಕೊಡೋ ಕಾರ್ಬಮಜೆಪಿನ್ ಇದನ್ನ ಹೆಚ್ಚು ಮಾಡಬಹುದು, ಹಾಗಾಗಿ ಮಕ್ಕಳ ನರರೋಗ ತಜ್ಞರಿಗೇ ತೋರಿಸ್ಬೇಕು. ಟೀಚರ್‌ಗಳೇ, ಹೆಸರು ಕರೆದು ಭುಜ ಮುಟ್ಟಿದ್ರೂ ಮಗು ತಿರುಗಲಿಲ್ಲ ಅಂದ್ರೆ ದಯವಿಟ್ಟು ಅವತ್ತೇ ಅಪ್ಪ ಅಮ್ಮಂಗೆ ತಿಳಿಸಿ. ಶಿಕ್ಷಣ ಇಲಾಖೆಯವ್ರು ಇದನ್ನ ಟೀಚರ್ ಟ್ರೇನಿಂಗಲ್ಲಿ ಸೇರಿಸ್ಲಿ.

– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು