ಹುಟ್ಟಿದ ದಿನ ತಲುಪಲು 756 ಸಲ ಒತ್ತಬೇಕೆ?

ಸಂಪಾದಕರಿಗೆ,

ಆನ್‌ಲೈನ್ ಅರ್ಜಿ ತುಂಬುವುದು ತಡವಾದರೆ ಬೈಗುಳವೆಲ್ಲ ಸರ್ವರ್‌ಗೆ ಬೀಳುತ್ತದೆ. ಎಷ್ಟೋ ಸಲ ಸರ್ವರ್‌ದೇನೂ ತಪ್ಪಿರುವುದಿಲ್ಲ. ಹೊತ್ತು ಹೋಗುವುದು ಪರದೆಯ ಮೇಲಿನ ಬಾಕ್ಸು, ಬಟನ್ನು, ಒತ್ತಿದರೆ ಕೆಳಗಿಳಿಯುವ ಪಟ್ಟಿ ಅಂದರೆ ಡ್ರಾಪ್‌ಡೌನ್‌ಗಳಲ್ಲಿ. ಇವಕ್ಕೆಲ್ಲ ಕಂಟ್ರೋಲ್ ಎನ್ನುತ್ತಾರೆ; ಯಾವ ಕಂಟ್ರೋಲ್ ವಾಸಿ ಎಂಬುದನ್ನು ಎಣಿಸಿಯೇ ತೀರ್ಮಾನಿಸಬಹುದು. ಅದು ಎಷ್ಟು ಬಗೆಯ ಆಯ್ಕೆಗೆ ಎಡೆ ಕೊಡುತ್ತದೆ, ಅವುಗಳಲ್ಲಿ ಎಷ್ಟಕ್ಕೆ ಅರ್ಥವಿದೆ, ಒಂದನ್ನು ಆರಿಸಲು ಕೈ ಎಷ್ಟು ಸಲ ಆಡಬೇಕು, ಇಷ್ಟು ನೋಡಿದರೆ ಸಾಕು.

ಹುಟ್ಟಿದ ದಿನಾಂಕವನ್ನೇ ತೆಗೆದುಕೊಳ್ಳಿ. ದಿನಕ್ಕೆ 31, ತಿಂಗಳಿಗೆ 12, ವರ್ಷಕ್ಕೆ 100 ಸಾಲುಗಳ ಮೂರು ಡ್ರಾಪ್‌ಡೌನ್ ಇಟ್ಟರೆ 37,200 ಜೋಡಣೆ ಆಗುತ್ತವೆ. ನಾಲ್ಕು ವರ್ಷಕ್ಕೊಂದು ಅಧಿಕ ವರ್ಷ ಹಿಡಿದರೆ ಆ ನೂರು ವರ್ಷದಲ್ಲಿ ನಿಜಕ್ಕೂ ಇರುವ ದಿನಗಳು 36,525. ಉಳಿದ 675 ಜೋಡಣೆಗಳು ಫೆಬ್ರವರಿ 30, ಜೂನ್ 31ರಂಥವು. ಅದೇ ಎಂಟು ಅಂಕಿ ಟೈಪ್ ಮಾಡುವ ಬಾಕ್ಸ್‌ನಲ್ಲಿ 10 ಕೋಟಿ ಜೋಡಣೆ ಸಾಧ್ಯ, ಬಹುಪಾಲು ಕಸ. ಇಷ್ಟಕ್ಕೇ ನಿಲ್ಲಿಸಿದರೆ ಡ್ರಾಪ್‌ಡೌನ್ ಗೆದ್ದಂತೆ ಕಾಣುತ್ತದೆ.

ಕೈಯ ಲೆಕ್ಕ ಹಾಕಿದಾಗ ಫಲಿತಾಂಶ ತಿರುಗುತ್ತದೆ. 1980ರಲ್ಲಿ ಕಾರ್ಡ್, ಮೊರಾನ್ ಮತ್ತು ನ್ಯೂವೆಲ್ ಎಂಬ ಸಂಶೋಧಕರು ಪ್ರಕಟಿಸಿದ ಅಳತೆಗಳು ಇವತ್ತಿಗೂ ಬಳಕೆಯಲ್ಲಿವೆ: ಮೌಸ್‌ನಿಂದ ಗುರಿ ಮುಟ್ಟಲು 1.1 ಸೆಕೆಂಡ್, ಸಾಧಾರಣ ವೇಗದವರಿಗೆ ಒಂದು ಕೀ ಒತ್ತಲು 0.28, ಕೈ ಮೌಸ್‌ನಿಂದ ಕೀಲಿಮಣೆಗೆ ಹೋಗಲು 0.4. ಕ್ಲಿಕ್ಕಿಗೆ 0.2 ಹಿಡಿಯಿರಿ. ಒಂದು ಡ್ರಾಪ್‌ಡೌನ್ ಎಂದರೆ ಗುರಿ, ಕ್ಲಿಕ್, ಮತ್ತೆ ಗುರಿ, ಮತ್ತೆ ಕ್ಲಿಕ್; 2.6 ಸೆಕೆಂಡ್. ಮೂರಕ್ಕೆ 7.8. ವರ್ಷದ ಪಟ್ಟಿಯನ್ನು ಉರುಳಿಸುವ ಹೊತ್ತು ಇದರಲ್ಲಿ ಸೇರಿಲ್ಲ. ಟೈಪ್ ಮಾಡುವ ಬಾಕ್ಸ್‌ಗಾದರೆ ಒಂದು ಗುರಿ, ಒಂದು ಕ್ಲಿಕ್, ಕೈ ಬದಲು, ಎಂಟು ಕೀ: ಒಟ್ಟು 3.94 ಸೆಕೆಂಡ್. ಹೆಚ್ಚುಕಡಿಮೆ ಅರ್ಧ.

ಮೊಬೈಲ್‌ನಲ್ಲಿ ಕ್ಯಾಲೆಂಡರ್ ತೆರೆದುಕೊಳ್ಳುವ ಫಾರ್ಮ್‌ಗಳ ಕಥೆ ಇನ್ನೂ ಕೆಟ್ಟದ್ದು. 2025ರ ಜೂನ್ ತೋರಿಸುತ್ತಿರುವ ಕ್ಯಾಲೆಂಡರ್‌ನಿಂದ 1962ರ ಜೂನ್‌ಗೆ ಹೋಗಲು ಹಿಂದಿನ ತಿಂಗಳ ಬಾಣವನ್ನು 756 ಸಲ ಒತ್ತಬೇಕು. ಎಷ್ಟೋ ಕ್ಯಾಲೆಂಡರ್‌ಗಳಲ್ಲಿ ತಲೆಯ ಮೇಲಿನ ಇಸವಿಯನ್ನು ಒತ್ತಿದರೆ ವರ್ಷಗಳ ಪಟ್ಟಿಯೇ ಬರುತ್ತದೆ, ಆದರೆ ಅಲ್ಲಿ ಒತ್ತಬಹುದು ಎಂಬ ಸುಳಿವೇ ಇರುವುದಿಲ್ಲ. ಕ್ಯಾಲೆಂಡರ್‌ಗೆ ಬಸ್ ಟಿಕೆಟ್ ಕಾದಿರಿಸುವುದು ತಕ್ಕ ಕೆಲಸ. ಅಲ್ಲಿ ಬೇಕಿರುವುದು ಮುಂದಿನ ಕೆಲವು ವಾರಗಳ ದಿನಾಂಕ, ಅದು ಯಾವ ವಾರ ಎಂಬುದೂ ಮುಖ್ಯ. ಹುಟ್ಟಿದ ವಾರ ಜಾತಕ ಬರೆಯುವವರಿಗೆ ಸಾಕು.

ಟೈಪ್ ಮಾಡುವ ಬಾಕ್ಸ್‌ಗೂ ಒಂದು ರೋಗವಿದೆ. 05-04 ಎಂದರೆ ಏಪ್ರಿಲ್ 5 ಹೌದು, ಮೇ 4 ಕೂಡ ಹೌದು. ಹೀಗೆ ದಿನ, ತಿಂಗಳು ಅದಲುಬದಲಾದರೂ ಸರಿಯೆಂದೇ ಪಾಸಾಗುವ ತಾರೀಕುಗಳು ವರ್ಷಕ್ಕೆ 132. ಮದ್ದು ಸುಲಭ: ಅಂಕಿ ಹಾಕಿದ ಕೂಡಲೇ ಕೆಳಗೆ ‘5 ಏಪ್ರಿಲ್ 1962’ ಎಂದು ತಿಂಗಳ ಹೆಸರಿನಲ್ಲಿ ತೋರಿಸಬೇಕು.

ಅರ್ಥವಿಲ್ಲದ ಜೋಡಣೆಗಳೆಲ್ಲ ದಂಡವೆಂದೂ ಅಲ್ಲ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ವೆರ್ಹೂಫ್ ಎಂಬ ವಿಧಾನದ ತಾಳೆ ಅಂಕಿ, ಅಂದರೆ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟದ್ದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾದರೂ ಅದು ಹಿಡಿದುಬಿಡುತ್ತದೆ. ಹತ್ತರಲ್ಲಿ ಒಂಬತ್ತು ಜೋಡಣೆಗಳನ್ನು ಬೇಕೆಂದೇ ಖಾಲಿ ಬಿಟ್ಟದ್ದರಿಂದ ಸಿಕ್ಕಿದ ಲಾಭ ಇದು. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್‌ನ ಐದನೆಯ ಸ್ಥಾನ ಇದಕ್ಕೆ ತದ್ವಿರುದ್ಧ. ಅಲ್ಲಿರುವುದು ಯಾವಾಗಲೂ ಸೊನ್ನೆ, ಅಂದರೆ ಅದರಿಂದ ಹೊಸದಾಗಿ ಏನೂ ತಿಳಿಯುವುದಿಲ್ಲ. ಆದರೂ ಜನರಿಂದ ಟೈಪ್ ಮಾಡಿಸುತ್ತಾರೆ, ಜನ ಅಲ್ಲಿ ಇಂಗ್ಲಿಷಿನ ‘ಓ’ ಹಾಕುತ್ತಾರೆ, ಅರ್ಜಿ ತಿರಸ್ಕೃತವಾಗುತ್ತದೆ. ಫಾರ್ಮ್ ತಾನೇ ಸೊನ್ನೆ ತುಂಬಿಕೊಂಡರೆ ಮುಗಿಯಿತು.

ಟಿಕ್ ಬಾಕ್ಸ್‌ಗಳಲ್ಲಂತೂ ದಂಡದ ಜೋಡಣೆ ಕಣ್ಣಿಗೇ ಕಾಣುವುದಿಲ್ಲ. ಐದು ಸೌಲಭ್ಯಗಳ ಹೆಸರು, ಕೆಳಗೆ ‘ಯಾವುದೂ ಇಲ್ಲ’. ಒಟ್ಟು ಆರು ಬಾಕ್ಸ್, 64 ಜೋಡಣೆ. ಇವುಗಳಲ್ಲಿ 31ರಲ್ಲಿ ಸೌಲಭ್ಯಕ್ಕೂ ಟಿಕ್, ‘ಯಾವುದೂ ಇಲ್ಲ’ಕ್ಕೂ ಟಿಕ್. ಇನ್ನೊಂದರಲ್ಲಿ ಯಾವುದಕ್ಕೂ ಟಿಕ್ ಇಲ್ಲ. ಅಲ್ಲಿಗೆ ಅರ್ಧಕ್ಕರ್ಧ ಅಸಂಬದ್ಧ, ಅದನ್ನು ಯಾರೋ ಗುಮಾಸ್ತರು ಆಮೇಲೆ ಬಿಡಿಸಬೇಕು. ‘ಸೌಲಭ್ಯ ಪಡೆದಿದ್ದೀರಾ?’ ಎಂದು ಹೌದು, ಇಲ್ಲ ಎಂಬ ಎರಡು ರೇಡಿಯೊ ಬಟನ್ (ಒಂದನ್ನಷ್ಟೇ ಆರಿಸಲು ಬಿಡುವ ಗುಂಡಿ) ಇಟ್ಟು, ಹೌದು ಎಂದವರಿಗಷ್ಟೇ ಐದು ಬಾಕ್ಸ್ ತೆರೆದು, ಕನಿಷ್ಠ ಒಂದು ಟಿಕ್ ಕಡ್ಡಾಯ ಮಾಡಿದರೆ ಉಳಿಯುವುದು ಅರ್ಥವಿರುವ 32 ಮಾತ್ರ. ಮತಯಂತ್ರದ ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ 16 ಗುಂಡಿ, ಒಂದೇ ಒತ್ತು, ಕುಲಗೆಟ್ಟ ಮತವೇ ಇಲ್ಲ. ವೆಬ್ ಫಾರ್ಮ್ ಮಾಡುವವರು ಒಮ್ಮೆ ಅದರ ಮುಂದೆ ನಿಂತು ನೋಡಬೇಕು.

ಕೊನೆಗೆ ಜಿಲ್ಲೆಗಳ ಪಟ್ಟಿ. 31 ಹೆಸರು, ಐದು ಹೌದು-ಇಲ್ಲ ಪ್ರಶ್ನೆಗಳಲ್ಲಿ ಯಾವುದನ್ನು ಬೇಕಾದರೂ ಗುರುತಿಸಬಹುದಾದಷ್ಟು ಚಿಕ್ಕದು. ಪಟ್ಟಿ ಅಕಾರಾದಿಯಲ್ಲಿದ್ದರೆ ಕಣ್ಣು ನೇರ ಆ ಜಾಗಕ್ಕೆ ಹಾರುತ್ತದೆ; ಕ್ರಮ ತಪ್ಪಿದರೆ ಒಂದೊಂದೇ ಓದುತ್ತಾ ಸರಾಸರಿ 16 ಹೆಸರು ದಾಟಬೇಕು. ಎಷ್ಟೋ ಕನ್ನಡ ಫಾರ್ಮ್‌ಗಳಲ್ಲಿ ಆಗಿರುವುದು ಇದೇ: ಇಂಗ್ಲಿಷ್ ಪಟ್ಟಿಯ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿ ಕ್ರಮವನ್ನು ಹಾಗೇ ಬಿಟ್ಟಿದ್ದಾರೆ. ಬಾಗಲಕೋಟೆ ಮೊದಲು, ಯಾದಗಿರಿ ಕೊನೆಗೆ, ಬೀದರ್ ಆದ ಮೇಲೆ ಚಾಮರಾಜನಗರ. ಕನ್ನಡದ ವರ್ಣಮಾಲೆಯಲ್ಲಿ ಜೋಡಿಸಿದರೆ ಉಡುಪಿಯಿಂದ ಶುರುವಾಗಿ ಹಾಸನಕ್ಕೆ ಮುಗಿಯಬೇಕು. ಪ್ರೋಗ್ರಾಮ್‌ನಲ್ಲಿ ವಿಂಗಡಣೆಯ ಭಾಷೆ ಕನ್ನಡ ಎಂದು ಹೇಳಲು ಬೇಕಿರುವುದು ಒಂದು ಸಾಲು.

ಫಾರ್ಮ್ ವಿನ್ಯಾಸದ ಕೆಲಸದಲ್ಲಿರುವ ಇಬ್ಬರು ಓದುಗರು,
ಮೈಸೂರು