ಬಟ್ಟೆ ಚೀಲವೇನೋ ಸರಿ, ಆದರೆ ಯಾವ ಬಟ್ಟೆಯದು?

ಮಾನ್ಯ ಸಂಪಾದಕರಿಗೆ,

ಪ್ಲಾಸ್ಟಿಕ್ ಚೀಲ ಬಿಟ್ಟು ಬಟ್ಟೆ ಚೀಲ ಹಿಡಿಯಿರಿ ಎಂಬ ಸಲಹೆ ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತಿರುತ್ತದೆ. ಸಲಹೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಂಥ ಬರಹಗಳ ಜೊತೆಗಿನ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವುದು ಇಸ್ತ್ರಿಯ ಗೆರೆ ಇನ್ನೂ ಮಾಸದ, ಯಾವುದೋ ಸಭೆಯ ಹೆಸರು ಅಚ್ಚಾದ, ಹೊಚ್ಚಹೊಸ ಹತ್ತಿಯ ಚೀಲ. ಅದು ಯಾವ ಬಟ್ಟೆಯದು, ಎಷ್ಟು ಸಲ ಬಳಸಿದರೆ ಅದರ ಋಣ ತೀರುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಿರುವುದಿಲ್ಲ. ಮೂರು ವರ್ಷಗಳಿಂದ ಮನೆಯ ಹಳೆಯ ಬಟ್ಟೆಗಳಲ್ಲೇ ಚೀಲ ಹೊಲಿಯುತ್ತ ಬಂದಿರುವ ನನಗೆ, ಆ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ಸಲಹೆಯೇ ಅರ್ಧಕ್ಕೆ ನಿಂತಂತೆ ತೋರುತ್ತದೆ.

ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಂಗಡಿಯಲ್ಲಿ ಸಿಗುವ ಬಗೆಬಗೆಯ ಚೀಲಗಳ ಹುಟ್ಟಿನಿಂದ ವಿಲೇವಾರಿಯವರೆಗಿನ ಲೆಕ್ಕವನ್ನು ಹಾಕಿತ್ತು. ಅದರ ಪ್ರಕಾರ, ಹವಾಮಾನದ ಮೇಲಾಗುವ ಪರಿಣಾಮವೊಂದನ್ನೇ ನೋಡಿದರೂ ಹೊಸ ಹತ್ತಿಯ ಚೀಲವೊಂದು ಸಾಧಾರಣ ಪ್ಲಾಸ್ಟಿಕ್ ಚೀಲಕ್ಕೆ ಸರಿಗಟ್ಟಬೇಕಾದರೆ ಅದನ್ನು 52 ಸಲ ಬಳಸಬೇಕು. ಅಧ್ಯಯನ ಗಮನಿಸಿದ ಎಲ್ಲ ಬಗೆಯ ಪರಿಣಾಮಗಳಲ್ಲೂ ಸರಿಗಟ್ಟಬೇಕೆಂದರೆ 7,100 ಸಲ. ಸಾವಯವ ಹತ್ತಿಯ ಚೀಲಕ್ಕೆ ಈ ಸಂಖ್ಯೆಗಳು 149 ಮತ್ತು 20,000. ವಾರಕ್ಕೊಮ್ಮೆ ಸಾಮಾನು ತರುವ ಮನೆಯಲ್ಲಿ 52 ಸಲವೆಂದರೆ ಒಂದು ವರ್ಷ, 7,100 ಸಲವೆಂದರೆ 136 ವರ್ಷ. ದೊಡ್ಡ ಸಂಖ್ಯೆಗಳನ್ನು ಕಂಡು ಬೆಚ್ಚಬೇಕಾಗಿಲ್ಲ, ನಿಜ: 7,100ಕ್ಕೆ ಮುಖ್ಯ ಕಾರಣ ಓಝೋನ್ ಪದರಕ್ಕೆ ತಗಲುವ ಹಾನಿಯ ಲೆಕ್ಕವೊಂದೇ, ಮತ್ತು ಸಾವಯವ ಚೀಲ ಅಳತೆಯಲ್ಲಿ ಚಿಕ್ಕದಾಗಿದ್ದುದರಿಂದ ಒಂದರ ಜಾಗದಲ್ಲಿ ಎರಡನ್ನು ಎಣಿಸಲಾಗಿತ್ತು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿ, ಹವಾಮಾನದ ಲೆಕ್ಕದಲ್ಲಿ ಹತ್ತಿಯ ಚೀಲಕ್ಕೆ 131 ಸಲದ ಬಳಕೆಯನ್ನು ಹೇಳಿತ್ತು. ಯಾವ ಸಂಖ್ಯೆಯನ್ನು ಹಿಡಿದರೂ, ಸಭೆಯೊಂದರಲ್ಲಿ ಕೈಗೆ ಬಂದು, ಮನೆಯ ಕಪಾಟಿನಲ್ಲಿ ಅಂಥದೇ ಹತ್ತು ಚೀಲಗಳ ಮೇಲೆ ಹನ್ನೊಂದನೆಯದಾಗಿ ಕೂರುವ ಹೊಸ ಚೀಲದಿಂದ ಯಾವ ಲಾಭವೂ ಇಲ್ಲ ಎಂಬುದಂತೂ ಸ್ಪಷ್ಟ.

ಇದೇ ಲೆಕ್ಕದಲ್ಲಿ ಇನ್ನೊಂದು ಮುಜುಗರದ ಮಾತೂ ಇದೆ, ಅದನ್ನೂ ಮುಚ್ಚಿಡಬಾರದು. ಬಟ್ಟೆಯಂತೆಯೇ ಕಾಣುವ, ಆದರೆ ನೇಯ್ಗೆಯಿಲ್ಲದೆ ಪಾಲಿಪ್ರೊಪಿಲೀನ್ ಎಳೆಗಳನ್ನು ಕಾಯಿಸಿ ಒತ್ತಿ ಮಾಡಿದ ಚೀಲವನ್ನು ನಾವೆಲ್ಲ ಬಟ್ಟೆ ಚೀಲವೆಂದೇ ಕರೆಯುತ್ತೇವೆ. ಅದು ಪ್ಲಾಸ್ಟಿಕ್ಕೇ. ಆದರೂ ಬ್ರಿಟನ್ನಿನ ವರದಿಯಲ್ಲಿ ಅದು 11 ಸಲದ ಬಳಕೆಗೇ ಋಣಮುಕ್ತವಾಗುತ್ತದೆ. ಹತ್ತಿಯ ಬೆಳೆಗೆ ಬೇಕಾಗುವ ನೀರು, ಗೊಬ್ಬರ, ಕೀಟನಾಶಕ, ಅಲ್ಲಿಂದ ಮುಂದೆ ನೂಲುವುದು, ನೇಯುವುದು, ಬಣ್ಣ ಹಾಕುವುದು ಇವೆಲ್ಲ ಅಷ್ಟು ಭಾರವಾದ ವೆಚ್ಚಗಳು. ಚೀಲ ಗಾಳಿಗೆ ಹಾರಿ ಚರಂಡಿ ಸೇರಿದ ಮೇಲೆ ಏನಾಗುತ್ತದೆ ಎಂಬುದು ಡೆನ್ಮಾರ್ಕಿನ ಲೆಕ್ಕದಲ್ಲಿ ಬಂದಿಲ್ಲ. ಹತ್ತಿ ಮಣ್ಣಿನಲ್ಲಿ ಕೊಳೆತುಹೋಗುತ್ತದೆ, ಪಾಲಿಪ್ರೊಪಿಲೀನ್ ಚೂರುಚೂರಾಗಿ ಅಲ್ಲೇ ಉಳಿಯುತ್ತದೆ. ಹಾಗಾಗಿ ಹತ್ತಿಯ ಪರವಾಗಿ ಹೇಳುವ ಮಾತು ಇದ್ದೇ ಇದೆ, ಆದರೆ ಅದು ಹೊಸ ಹತ್ತಿಯ ಪರವಾದ ಮಾತಲ್ಲ.

ಹಳೆಯ ಬೆಡ್‌ಶೀಟಿನ ಸಂಗತಿ ಬೇರೆ. ಅದರ ಹತ್ತಿ ಬೆಳೆದಾಗಿದೆ, ನೇಯ್ದಾಗಿದೆ, ಹತ್ತು ವರ್ಷ ಅದರ ಮೇಲೆ ಮಲಗಿಯೂ ಆಗಿದೆ. ಅದನ್ನು ಚೀಲ ಮಾಡುವಾಗ ಹೊಸದಾಗಿ ಖರ್ಚಾಗುವುದು ಒಂದಷ್ಟು ದಾರ ಮತ್ತು ಹೊಲಿಯುವವರ ಸಮಯ. ಹಾಗೆಂದು ಇನ್ನೂ ಉಡಬಹುದಾದ, ಹೊದೆಯಬಹುದಾದ ಬಟ್ಟೆಗೆ ಕತ್ತರಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಬಟ್ಟೆಯಾಗಿಯೇ ಇನ್ನೊಬ್ಬರ ಮೈಗೆ ಸೇರುವುದು ಎಷ್ಟೋ ಮೇಲು. ಚೀಲಕ್ಕೆ ಸಲ್ಲುವುದು ಕೊರಳಪಟ್ಟಿ ಸವೆದ ಅಂಗಿ, ಮೊಣಕಾಲು ಹರಿದ ಜೀನ್ಸ್, ಜೊತೆ ಕಳೆದುಕೊಂಡು ಒಂಟಿಯಾದ ದಿಂಬಿನ ಕವರು, ಕಿಟಕಿ ಬದಲಾದ ಮೇಲೆ ಅಳತೆಗೆ ಒದಗದ ಪರದೆ, ಇಂಥವು.

ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವನು ನಾನು. ನನ್ನ ಹೆಂಡತಿಗೆ ಆ ಕೆಲಸದಲ್ಲಿ ತಾಳ್ಮೆಯಿಲ್ಲ, ನನಗೆ ಬೇರೆ ಅನೇಕ ಕೆಲಸಗಳಲ್ಲಿ ತಾಳ್ಮೆಯಿಲ್ಲ. ಯಂತ್ರಕ್ಕೆ ಪ್ರತ್ಯೇಕ ಜಾಗವಿಲ್ಲದ ಕಾರಣ ಅದು ಊಟದ ಮೇಜಿನ ಮೇಲೆ ಏರುತ್ತದೆ, ಊಟದ ಹೊತ್ತಿಗೆ ಇಳಿಯುತ್ತದೆ. ನಲವತ್ತು ನಿಮಿಷದ ಚೀಲಕ್ಕೆ ಮೂರು ದಿನ ಹಿಡಿಯುವುದು ಹೀಗೆ. ಟೇಪನ್ನು ಮಗಳು ತನ್ನ ಎತ್ತರ ಅಳೆಯಲು ಒಯ್ದಿರುತ್ತಾಳೆ, ಬಟ್ಟೆಯ ಕತ್ತರಿಯಲ್ಲಿ ಯಾರೋ ಕಾಗದ ಕತ್ತರಿಸಿ ಅದರ ಬಾಯಿ ಮೊಂಡಾಗಿಸಿರುತ್ತಾರೆ, ಒಲೆಯ ಮೇಲಿನ ಹಾಲು ಉಕ್ಕುವುದಕ್ಕೂ ಬಾಬಿನ್ನಿನ ದಾರ ಮುಗಿಯುವುದಕ್ಕೂ ಏನೋ ಒಪ್ಪಂದವಿದ್ದಂತಿರುತ್ತದೆ. ಆದ್ದರಿಂದ ಕೆಲಸವನ್ನು ಒಡೆದುಕೊಳ್ಳುವುದನ್ನು ಕಲಿತಿದ್ದೇನೆ: ಒಂದು ಸಂಜೆ ನಾಲ್ಕಾರು ಚೀಲಗಳಿಗಾಗುವಷ್ಟು ಕತ್ತರಿಸುವುದು ಮಾತ್ರ, ಮತ್ತೊಂದು ಸಂಜೆ ಹಿಡಿಕೆಗಳನ್ನೆಲ್ಲ ಮಡಿಚಿ ಇಸ್ತ್ರಿ ಮಾಡುವುದು ಮಾತ್ರ, ಯಂತ್ರ ಏರಿದ ದಿನ ಬರೀ ಹೊಲಿಗೆ. ಕತ್ತರಿಸಿದ ತುಂಡುಗಳನ್ನು ಸುತ್ತಿ, ಸೂಜಿ ದಾರಗಳೊಂದಿಗೆ ಹಳೆಯ ಡಬ್ಬಿಯೊಂದರಲ್ಲಿಟ್ಟರೆ ಎಷ್ಟು ದಿನ ಬಿಟ್ಟು ಬಂದರೂ ಎಲ್ಲಿಗೆ ನಿಂತಿದ್ದೆ ಎಂದು ಹುಡುಕಬೇಕಾಗುವುದಿಲ್ಲ.

ಬಟ್ಟೆಯ ಆಯ್ಕೆಯಲ್ಲಿ ನಾನು ತಪ್ಪಿದ್ದೇನೆ, ಅದನ್ನು ಹೇಳಿದರೆ ಉಳಿದವರಿಗೆ ಉಪಯೋಗವಾದೀತು. ಮೊದಲ ಚೀಲವನ್ನು ಬೆಡ್‌ಶೀಟಿನ ನಟ್ಟನಡುವಿನಿಂದ ಕತ್ತರಿಸಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಮೂರನೆಯ ಸಲ ಒಯ್ದಾಗ ಹಿಡಿಕೆಯ ಬುಡದಲ್ಲಿ ಪರ್ರೆಂದು ಹರಿದು, ತಂದ ಸಾಮಾನೆಲ್ಲ ಮೆಟ್ಟಿಲ ಮೇಲಿಂದ ಉರುಳಿತು. ಹೊಲಿಗೆ ಗಟ್ಟಿಯಾಗಿಯೇ ಉಳಿದಿತ್ತು, ಹರಿದದ್ದು ಅದರ ಪಕ್ಕದ ಬಟ್ಟೆ. ಮೈ ಉಜ್ಜುವ ಜಾಗ ನಡುವೆ ತಾನೇ? ಶೀಟಿನ ನಡುಭಾಗ ಸವೆದು, ಅಂಚುಗಳು ಮಾತ್ರ ಹೊಸದರಂತೆ ಉಳಿದಿರುತ್ತವೆ. ಈಗ ಕತ್ತರಿ ಹಾಕುವ ಮುನ್ನ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತೇನೆ. ಎಳೆಗಳ ನಡುವೆ ಬೆಳಕು ಚುಕ್ಕಿಚುಕ್ಕಿಯಾಗಿ ತೂರಿಬಂದ ಭಾಗವನ್ನು ಒರೆಸುವ ಬಟ್ಟೆಗೆ ಬಿಡುತ್ತೇನೆ. ಪರದೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಬಿಸಿಲು ನೂಲನ್ನು ಒಳಗಿಂದೊಳಗೇ ಕುಗ್ಗಿಸುತ್ತದೆ. ದಪ್ಪವಾಗಿ ಕಾಣುವ ಪರದೆಯೂ ಎರಡು ಕೈಯಲ್ಲಿ ಹಿಡಿದು ಜಗ್ಗಿದಾಗ ಕಾಗದದಂತೆ ಹರಿಯುವುದುಂಟು. ಟೀ ಶರ್ಟಿನ ಹೆಣೆದ ಬಟ್ಟೆ ಭಾರಕ್ಕೆ ಮೊಣಕಾಲವರೆಗೆ ಜೋಲುತ್ತದೆ, ಹಗುರ ಸಾಮಾನಿಗಷ್ಟೇ ಸರಿ.

ಮೊದಲ ಸಲ ಹೊಲಿಯುವವರು ದಿಂಬಿನ ಕವರಿನಿಂದ ಆರಂಭಿಸುವುದು ಸುಲಭ. ಅದು ಆಗಲೇ ಚೀಲ. ಬಾಯಿಯ ಮಡಿಕೆಗೆ ಎರಡು ಹಿಡಿಕೆ ಸೇರಿಸಿದರೆ ಮುಗಿಯಿತು. ಜೀನ್ಸಿನ ಕಾಲಂತೂ ಕೊಳವೆಯಾಗಿಯೇ ಸಿಗುತ್ತದೆ, ತಳವೊಂದನ್ನು ಮುಚ್ಚಬೇಕು. ಆದರೆ ಹೊಲಿಗೆಗಳು ಒಂದರ ಮೇಲೊಂದು ಬರುವ ಕಡೆ ಮನೆಯ ಯಂತ್ರ ಮುಗ್ಗರಿಸುತ್ತದೆ. 16ನೇ ನಂಬರಿನ ಸೂಜಿ ಹಾಕಿ, ಆ ದಪ್ಪ ಜಾಗವನ್ನು ಮೊದಲೇ ಸುತ್ತಿಗೆಯಿಂದ ತಟ್ಟಿ, ಅಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿದರೆ ಸೂಜಿ ಮುರಿಯುವುದಿಲ್ಲ.

ಸಪಾಟು ಬಟ್ಟೆಯಿಂದ ಮಾಡುವುದಾದರೆ ನಾನು ಬಳಸುವ ಅಳತೆ ಇದು: 90 ಸೆಂಟಿಮೀಟರ್ ಉದ್ದ, 44 ಸೆಂಟಿಮೀಟರ್ ಅಗಲದ ಒಂದೇ ತುಂಡು. ಅದನ್ನು ನಡುವಿಗೆ ಮಡಿಚಿದರೆ ತಳದಲ್ಲಿ ಹೊಲಿಗೆಯೇ ಬೇಕಾಗುವುದಿಲ್ಲ, ಆದ್ದರಿಂದ ತಳ ಬಿಚ್ಚಿಕೊಳ್ಳುವ ಭಯವೂ ಇಲ್ಲ. ಎರಡು ಪಕ್ಕಗಳಿಗೆ ಫ್ರೆಂಚ್ ಸೀಮ್ ಹಾಕುತ್ತೇನೆ, ಅಂದರೆ ಮೊದಲು ಬಟ್ಟೆಯ ಸರಿಮೈ ಹೊರಗಿರುವಂತೆ ಅಂಚಿನಿಂದ ಅರ್ಧ ಸೆಂಟಿಮೀಟರಿಗೆ ಒಂದು ಹೊಲಿಗೆ, ಆಮೇಲೆ ಚೀಲವನ್ನು ಒಳಹೊರಗು ಮಾಡಿ ಒಂದು ಸೆಂಟಿಮೀಟರಿಗೆ ಇನ್ನೊಂದು ಹೊಲಿಗೆ. ಕತ್ತರಿಸಿದ ಅಂಚು ಎರಡರ ನಡುವೆ ಸೆರೆಯಾಗುವುದರಿಂದ ಓವರ್‌ಲಾಕ್ ಯಂತ್ರವಿಲ್ಲದ ಮನೆಯಲ್ಲೂ ನೂಲು ಬಿಡುವುದಿಲ್ಲ. ಬಾಯಿಯನ್ನು ಮೊದಲು ಒಂದು, ಆಮೇಲೆ ಎರಡು ಸೆಂಟಿಮೀಟರ್ ಮಡಿಚಿ ಹೊಲಿಯಬೇಕು. ಹಿಡಿಕೆಗೆ 10 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ನಾಲ್ಕು ಪದರವಾಗಿ ಮಡಿಚಿದರೆ ಎರಡೂವರೆ ಸೆಂಟಿಮೀಟರಿನ ಗಟ್ಟಿ ಪಟ್ಟಿಯಾಗುತ್ತದೆ. ಅದಕ್ಕಿಂತ ಕಿರಿದಾದರೆ ಬೆರಳು ಕೊಯ್ಯುತ್ತದೆ. ಪಟ್ಟಿಯನ್ನು ಹಾಸಿನ ನೂಲಿನ, ಅಂದರೆ ನೇಯ್ಗೆಯಲ್ಲಿ ಬಟ್ಟೆಯ ಉದ್ದಕ್ಕೆ ಸಾಗುವ ನೂಲಿನ ಗುಂಟವೇ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಹಿಡಿಕೆ ದಿನೇ ದಿನೇ ಉದ್ದವಾಗುತ್ತಾ ಹೋಗುತ್ತದೆ, ಎರಡೂ ಬದಿಗೆ ಸಮನಾಗಿಯಂತೂ ಅಲ್ಲ. ಅದರ ಬುಡವನ್ನು ಬಾಯಿಯ ಮಡಿಕೆಯೊಳಗೆ ಸೇರಿಸಿ, ಚೌಕಾಕಾರದ ಹೊಲಿಗೆ ಹಾಕಿ, ಚೌಕದೊಳಗೆ ಕರ್ಣಗಳ ಗುಂಟ ಅಡ್ಡಡ್ಡ ಎರಡು ಹೊಲಿಗೆ ಹಾಕಿದರೆ ಭಾರ ಒಂದೇ ಸಾಲಿನ ಮೇಲೆ ಬೀಳದೆ ಹಂಚಿಹೋಗುತ್ತದೆ. ಯಂತ್ರವಿಲ್ಲದವರು ಒಂದೊಂದು ಹೆಜ್ಜೆಗೂ ಹಿಂದಕ್ಕೆ ಬಂದು ಮುಂದೆ ಹೋಗುವ ಕೈಹೊಲಿಗೆಯಲ್ಲಿ ಇದನ್ನೆಲ್ಲ ಮಾಡಬಹುದು, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿ ಹದಿನಾಲ್ಕು ಚೀಲ ಹೊಲಿದ ಮೇಲೂ ನಾನು ಎಷ್ಟೋ ಸಲ ಬರಿಗೈಯಲ್ಲಿ ಅಂಗಡಿಗೆ ಹೋಗಿ, ಅಲ್ಲಿಯ ಪ್ಲಾಸ್ಟಿಕ್ ಚೀಲವನ್ನೇ ಹಿಡಿದು ಬಂದೆ. ಚೀಲಗಳೆಲ್ಲ ಕಪಾಟಿನಲ್ಲಿ ಅಚ್ಚುಕಟ್ಟಾಗಿದ್ದವು. ಇಂದಿನ ಪ್ಲಾಸ್ಟಿಕ್ ಕೈಚೀಲದ ವಿನ್ಯಾಸ ಸ್ವೀಡನ್ನಿನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್ ಅವರದು; ಅದಕ್ಕೆ ಸೆಲ್ಲೊಪ್ಲಾಸ್ಟ್ ಕಂಪನಿ 1965ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. ಥುಲಿನ್ ತಮ್ಮ ಚೀಲವನ್ನು ಮಡಿಚಿ ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು, ಜನ ಅದನ್ನು ಒಮ್ಮೆ ಬಳಸಿ ಬಿಸಾಡುವರೆಂಬ ಯೋಚನೆಯೇ ಅವರಿಗಿರಲಿಲ್ಲ ಎಂದು ಅವರ ಮಗ ಬಿಬಿಸಿಗೆ ತಿಳಿಸಿದ್ದರು. ಇದನ್ನು ಓದಿದ ಮೇಲೆ ನನ್ನ ಚೀಲದಲ್ಲಿ ಎರಡು ಬದಲಾವಣೆ ಮಾಡಿದೆ. ದಪ್ಪ ಬಟ್ಟೆ ಬಿಟ್ಟು ತೆಳುವಾದ, ಒತ್ತಾದ ನೇಯ್ಗೆಯ ಬಟ್ಟೆಗೆ ಬಂದೆ, ಮತ್ತು ಒಳಬದಿಯಲ್ಲಿ ಹಳೆಯ ಅಂಗಿಯ ಜೇಬೊಂದನ್ನು ಹಾಗೆಯೇ ಹೊಲಿದೆ. ಚೀಲವಿಡೀ ಮಡಿಚಿಕೊಂಡು ಆ ಜೇಬಿನೊಳಗೇ ಸೇರಿಹೋಗುತ್ತದೆ. ಹದಿನಾಲ್ಕರಲ್ಲಿ ಒಂಬತ್ತನ್ನು ಪರಿಚಿತರಿಗೆ ಕೊಟ್ಟು ಐದನ್ನು ಉಳಿಸಿಕೊಂಡೆವು. ಎರಡು ಬಾಗಿಲ ಹಿಂದಿನ ಮೊಳೆಗೆ, ಉಳಿದವು ಒಬ್ಬೊಬ್ಬರ ಕೈಚೀಲದಲ್ಲಿ. ಆಸ್ಟ್ರೇಲಿಯಾದ ಬರ್ಲಿ ಹೆಡ್ಸ್‌ನಲ್ಲಿ 2013ರಲ್ಲಿ ಶುರುವಾದ ಬೂಮರಾಂಗ್ ಬ್ಯಾಗ್ಸ್ ಎಂಬ ಗುಂಪು ಈ ಮರೆವಿಗೆ ಬೇರೊಂದು ಉಪಾಯ ಹೂಡಿದೆ: ಬೇಡವಾದ ಬಟ್ಟೆಯಲ್ಲಿ ಊರವರೇ ಕೂಡಿ ಹೊಲಿದ ಚೀಲಗಳನ್ನು ಅಂಗಡಿಗಳಲ್ಲಿಟ್ಟು, ಮರೆತು ಬಂದವರು ಎರವಲು ಒಯ್ದು ಮತ್ತೆ ತಂದಿಡುವ ಏರ್ಪಾಡು.

ಬಟ್ಟೆ ಚೀಲ ಕೊಳಕು, ರೋಗ ತರುತ್ತದೆ ಎಂಬ ಆಕ್ಷೇಪಕ್ಕೂ ಒಂದು ಮಾತು. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ, ರಾಸಾಯನಿಕ ಉದ್ಯಮದ ಒಕ್ಕೂಟದ ಹಣದಿಂದಲೇ ನಡೆದ ಅಧ್ಯಯನವೊಂದು ಮರುಬಳಕೆಯ ಚೀಲಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಕಂಡಿತ್ತು. ಕೈಯಲ್ಲಾಗಲಿ ಯಂತ್ರದಲ್ಲಾಗಲಿ ಒಗೆದರೆ ಅವುಗಳಲ್ಲಿ ಶೇ 99.9ಕ್ಕೂ ಹೆಚ್ಚು ಹೋಗುತ್ತವೆ ಎಂಬುದನ್ನೂ ಅದೇ ಅಧ್ಯಯನ ಹೇಳಿತ್ತು. ಹಸಿ ಮಾಂಸಕ್ಕೆ ಒಂದು ಚೀಲವನ್ನು ಗುರುತು ಹಾಕಿ ಬೇರೆ ಇಟ್ಟು, ಅದನ್ನು ಬೇರೆಯಾಗಿಯೇ ಒಗೆದು, ಉಳಿದವನ್ನು ವಾರದ ಬಟ್ಟೆಯ ಜೊತೆ ಒಗೆಯಲು ಹಾಕಿದರೆ ಸಾಕು.

ತಮ್ಮಲ್ಲಿ ನನ್ನ ವಿನಂತಿ ಚಿಕ್ಕದು. ಬಟ್ಟೆ ಚೀಲದ ಬಗ್ಗೆ ಮುಂದೆ ಪ್ರಕಟವಾಗುವ ಬರಹಗಳಲ್ಲಿ ಹೊಸ ಬಟ್ಟೆಯದು ಬೇರೆ, ಹಳೆಯ ಬಟ್ಟೆಯದು ಬೇರೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಹೊಸ ಚೀಲ ಹಿಡಿದು ನಗುವವರ ಚಿತ್ರದ ಬದಲಿಗೆ, ಓದುಗರು ಕತ್ತರಿಸಿಟ್ಟುಕೊಳ್ಳಬಹುದಾದಂಥ ಅಳತೆಯ ನಕ್ಷೆಯೊಂದನ್ನು ಅಚ್ಚುಮಾಡಬೇಕು. ಮೇಲೆ ಕೊಟ್ಟಿರುವ ಅಳತೆಗಳನ್ನೇ ಅದಕ್ಕೆ ಬಳಸಿಕೊಳ್ಳಬಹುದು. ಹಿಡಿಕೆಯ ಉದ್ದವನ್ನು ಮಾತ್ರ ಎರಡು ಬಗೆಯಾಗಿ ತೋರಿಸುವುದು ಒಳ್ಳೆಯದು: ಹೆಗಲಿಗೆ ಹಾಕುವವರಿಗೆ 60 ಸೆಂಟಿಮೀಟರ್, ಕೈಯಲ್ಲಿ ಹಿಡಿಯುವವರಿಗೆ 35. ಹೆಗಲಿನ ಅಳತೆಯದನ್ನು ಕೈಯಲ್ಲಿ ಹಿಡಿದರೆ ಗಿಡ್ಡವರಿಗೆ ಚೀಲದ ತಳ ನೆಲಕ್ಕೆ ತಾಗುತ್ತದೆ. ನಮ್ಮ ಮನೆಯಲ್ಲಿ ತಾಗುತ್ತಿದೆ.

ಇತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬ