ಮಗಳಿಗೊಂದು ಪತ್ರ: ಡನ್‌ವೆಗನ್ ಕೋಟೆಯ ಮಾಡು

ಪ್ರೀತಿಯ ಪುಟ್ಟಿ,

ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೋಗಿ ಡನ್‌ವೆಗನ್ ಕೋಟೆ ನೋಡಿ ಬರುತ್ತೇನೆ ಎಂದಿದ್ದೀಯ. ಈ ಕಾಲದಲ್ಲಿ ಕುಲದ ಯಜಮಾನನಿಗೆ, ಅಂದರೆ ಅಲ್ಲಿನವರು ಕ್ಲ್ಯಾನ್ ಚೀಫ್ ಎನ್ನುವವನಿಗೆ, ಏನು ಕೆಲಸ ಎಂದೂ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿಗೆ ಹೋದವರೆಲ್ಲ ಗೋಡೆಯ ಮೇಲಿನ ಕತ್ತಿ, ಚಿತ್ರಪಟ, ಗಾಜಿನೊಳಗಿನ ಹಳೆಯ ರೇಷ್ಮೆ ಬಾವುಟ ನೋಡುತ್ತಾರೆ. ನೀನು ಮಾಡನ್ನೂ ನೋಡು. ಕೋಟೆಯ ಒಡೆಯರಾದ ಮೆಕ್‌ಲೌಡ್ ಮನೆತನದ ಇತ್ತೀಚಿನ ಪಾಡೆಲ್ಲ ಅದರದ್ದೇ.

ಮೊದಲು 29ನೇ ಯಜಮಾನ ಜಾನ್ ಮೆಕ್‌ಲೌಡ್ ವಿಷಯ. 1935ರಲ್ಲಿ ಹುಟ್ಟಿದಾಗ ಅವರ ಮನೆಹೆಸರು ವೂಲ್ರಿಜ್ ಗಾರ್ಡನ್. ತಾಯಿಯ ತಾಯಿ ಡೇಮ್ ಫ್ಲೋರಾ. ಫ್ಲೋರಾ ಅವರ ತಂದೆ ಸರ್ ರೆಜಿನಾಲ್ಡ್‌ಗೆ ಗಂಡುಮಕ್ಕಳಿರಲಿಲ್ಲವಾಗಿ ಅದೇ 1935ರಲ್ಲಿ ಫ್ಲೋರಾ ಅವರೇ 28ನೇ ಯಜಮಾನಿಯಾದರು. ಮೊಮ್ಮಗ ಮೆಕ್‌ಲೌಡ್ ಹೆಸರಿಟ್ಟುಕೊಂಡು ಉತ್ತರಾಧಿಕಾರಿಯಾದ. ಹೆಸರು ಬದಲಿಸಿದ್ದು ಬರೀ ಅಜ್ಜಿಯ ಆಸೆಗಲ್ಲ: ಕುಲದ ಹೆಸರು ಹೊರದವರನ್ನು ಯಜಮಾನರೆಂದು ಎಡಿನ್‌ಬರದ ಲಾರ್ಡ್ ಲಯನ್ ಒಪ್ಪುವುದಿಲ್ಲ, ಎರಡು ಮನೆಹೆಸರು ಜೋಡಿಸಿಕೊಂಡರೂ ಒಪ್ಪುವುದಿಲ್ಲ. ಲಾರ್ಡ್ ಲಯನ್ ಅಂದರೆ ವಂಶಲಾಂಛನಗಳ ಅಧಿಕಾರಿ. ಅವರ ಕಚೇರಿ ಇವತ್ತಿಗೂ ಕಾನೂನುಬದ್ಧ ನ್ಯಾಯಾಲಯವೇ. ಡೇಮ್ ಫ್ಲೋರಾ 1976ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಡುಗಾರಿಕೆ, ನಟನೆ ಕಲಿತಿದ್ದ ಜಾನ್ ಕೈಗೆ ಕೋಟೆ ಬಂತು.

ಅಧಿಕಾರ ಮಾತ್ರ ಬರಲಿಲ್ಲ. ಅದು ಹೋಗಿ ಕಾಲವಾಗಿತ್ತು. ಕುಲದವರ ಮೇಲೆ ನ್ಯಾಯ ನಡೆಸುವ ಹಕ್ಕನ್ನು 1746ರ ಕಾಯ್ದೆ ತೆಗೆದುಹಾಕಿತು. ಉಯಿಲು ಬರೆಯದೆ ಸತ್ತರೆ ಜಮೀನೆಲ್ಲ ಹಿರಿಮಗನಿಗೆ ಎಂಬ ಪದ್ಧತಿಯನ್ನು 1964ರ ಕಾಯ್ದೆ ಕೊನೆಗಾಣಿಸಿತು, ಆದರೆ ಬಿರುದು-ಲಾಂಛನಗಳನ್ನು ಅದರಿಂದ ಹೊರಗಿಟ್ಟಿತು. ಹೀಗಾಗಿ ಬಿರುದು ಒಬ್ಬರಿಗೆ, ಆಸ್ತಿ ಹಲವರಿಗೆ ಹೋಗುವ ಸಂಭವವಿದೆ. ಇದರ ಜತೆಗೆ ಮಿತಿ ದಾಟಿದ ಆಸ್ತಿಗೆ ಶೇ 40 ಉತ್ತರಾಧಿಕಾರ ತೆರಿಗೆ. ಇಂಥ ಮನೆತನಗಳು ಟ್ರಸ್ಟು, ಕಂಪನಿ ಎಂದು ಒದ್ದಾಡುವುದು ಇದಕ್ಕೇ.

ಈಗ ಮಾಡಿನ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಂಥ ಕಟ್ಟಡ ಕೆಡುವ ಬಗೆ ಗೊತ್ತಿದ್ದರೆ ಜಾನ್ ಏಕೆ ಬೆಟ್ಟವನ್ನೇ ಮಾರಲು ಹೊರಟರು ಎಂಬುದು ಅರ್ಥವಾಗುತ್ತದೆ.

ಹಳೆಯ ಕೋಟೆಗಳಲ್ಲಿ ಮೇಲಿನ ಅಡ್ಡಗೋಡೆಯ ಹಿಂದೆ ಚಪ್ಪಟೆ ಜಾಗ, ನೀರು ಹರಿಯುವ ದೋಣಿ ಇರುತ್ತವೆ. ಸಾಮಾನ್ಯವಾಗಿ ಅವಕ್ಕೆ ಸೀಸದ ತಗಡು ಹೊದಿಸುತ್ತಾರೆ. ದಪ್ಪವನ್ನು ಕೋಡ್ ಲೆಕ್ಕದಲ್ಲಿ ಹೇಳುವುದು ಅಲ್ಲಿನ ರೂಢಿ: ಕೋಡ್ 4 ಅಂದರೆ 1.80 ಮಿ.ಮೀ., ಕೋಡ್ 8 ಅಂದರೆ 3.55 ಮಿ.ಮೀ. ಸೀಸ ಬಿಸಿಗೆ ಬಹಳ ಹಿಗ್ಗುವ ಲೋಹ. ಎರಡು ಮೀಟರ್ ಉದ್ದದ ತಗಡು 50 ಡಿಗ್ರಿಯ ಏರಿಳಿತದಲ್ಲಿ ಸುಮಾರು 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಸಣ್ಣ ಸಣ್ಣ ಹಾಳೆ ಹಾಸಿ, ಮೇಲಂಚಿಗೆ ಮಾತ್ರ ಮೊಳೆ ಹೊಡೆದು, ಉಳಿದ ಅಂಚುಗಳಿಗೆ ಆಡಲು ಜಾಗ ಬಿಟ್ಟರೆ ನೂರು ವರ್ಷವೂ ಬಾಳಬಹುದು. ಕೂಲಿ ಉಳಿಯಲಿ ಎಂದು ಉದ್ದನೆಯ ಹಾಳೆ ಹಾಸಿ ನಾಲ್ಕೂ ಕಡೆ ಬಿಗಿದರೆ ಅದು ಉಬ್ಬುತ್ತದೆ, ಉಬ್ಬಿದಲ್ಲೇ ಬಿರುಕು ಬಿಡುತ್ತದೆ.

ಇನ್ನೊಂದು ಕೇಡು ಕೆಳಗಿನಿಂದ ಬರುತ್ತದೆ. ಒಳಗಿನ ಬೆಚ್ಚನೆಯ, ತೇವದ ಗಾಳಿ ತಣ್ಣನೆಯ ತಗಡಿನ ಅಡಿಗೆ ತಾಗಿ ನೀರಾಗುತ್ತದೆ. ಗಾಳಿಯಾಡದ ಕಡೆ ಆ ನೀರು ಸೀಸವನ್ನು ತಳದಿಂದಲೇ ಬಿಳಿ ಪುಡಿ ಮಾಡುತ್ತಾ ಬರುತ್ತದೆ; ಮೇಲೆ ನಿಂತು ನೋಡಿದವರಿಗೆ ಏನೂ ತಿಳಿಯದು. ಅಷ್ಟರಲ್ಲಿ ಗೋಡೆಯೊಳಗೆ ಕೂತ ತೊಲೆಯ ತುದಿ ಒದ್ದೆಯಾಗಿರುತ್ತದೆ. ಮರದ ತೇವ ಶೇ 20 ದಾಟಿ ಹಾಗೆಯೇ ನಿಂತರೆ ಶಿಲೀಂಧ್ರ ಹಿಡಿಯುತ್ತದೆ. ಸುಣ್ಣದ ಗಾರೆಯ ಗೋಡೆಗೆ ಯಾರೋ ಸಿಮೆಂಟ್ ಗಿಲಾವು ಬಳಿದಿದ್ದರಂತೂ ಕೇಳಲೇಬೇಡ: ಕೂದಲೆಳೆಯ ಬಿರುಕಿನಿಂದ ಒಳಹೊಕ್ಕ ಮಳೆನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಸೋರುತ್ತದೆ. ಸಾರವೆ ಕಟ್ಟಿ ಇಡೀ ಮಾಡು ಬಿಚ್ಚದೆ ಪರಿಹಾರವಿಲ್ಲ. ಡನ್‌ವೆಗನ್ ಎ ವರ್ಗದ ಸಂರಕ್ಷಿತ ಕಟ್ಟಡವಾದ್ದರಿಂದ ಅಗ್ಗದ ವಸ್ತು ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ದುರಸ್ತಿಗೆ ಶೇ 20 ವ್ಯಾಟ್ ಬೇರೆ. ಅದೇ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ! ಈ ನಿಯಮ ನನಗೆ ಯಾವತ್ತೂ ಅನ್ಯಾಯವೆಂದೇ ಕಂಡಿದೆ.

ಈ ದುರಸ್ತಿಯ ಹಣಕ್ಕಾಗಿ ಜಾನ್ ಹಿಡಿದ ದಾರಿ ಇಡೀ ಸ್ಕಾಟ್ಲೆಂಡನ್ನು ಕೆರಳಿಸಿತು. 2000ದ ಮಾರ್ಚ್‌ನಲ್ಲಿ ಅವರು ಸ್ಕೈ ದ್ವೀಪದ ಬ್ಲ್ಯಾಕ್ ಕೂಲಿನ್ ಬೆಟ್ಟಸಾಲನ್ನೇ ಮಾರಾಟಕ್ಕಿಟ್ಟರು. ಸುಮಾರು 35 ಚದರ ಮೈಲಿ, ಕೇಳಿದ ಬೆಲೆ 1 ಕೋಟಿ ಪೌಂಡ್. ಒರಟಾದ ಕಪ್ಪು ಗ್ಯಾಬ್ರೊ ಬಂಡೆಯ ಸಾಲು ಅದು. 992 ಮೀಟರ್ ಎತ್ತರದ ಸ್ಗೂರ್ ಅಲಸ್ಡೇರ್ ಶಿಖರ ಅಲ್ಲೇ ಇರುವುದು. ಬೆಟ್ಟ ಇವರದ್ದು ಹೇಗಾಯಿತು ಎಂಬ ಪ್ರಶ್ನೆ ಎದ್ದಿತು. ಹಳೆಯ ಪತ್ರಗಳನ್ನು ಪರಿಶೀಲಿಸಿದ ಕ್ರೌನ್ ಎಸ್ಟೇಟ್, ಅಂದರೆ ರಾಜಮನೆತನದ ಹೆಸರಿನಲ್ಲಿರುವ ಭೂಮಿಯನ್ನು ನೋಡಿಕೊಳ್ಳುವ ಸಂಸ್ಥೆ, ಕೋರ್ಟಿಗೆ ಹೋಗುವುದಿಲ್ಲ ಎಂದಿತು. ದಾಖಲಾದ ಪತ್ರದ ಆಧಾರದ ಮೇಲೆ 10 ವರ್ಷ ತಕರಾರಿಲ್ಲದೆ ಅನುಭವಿಸಿದರೆ ಹಕ್ಕು ಗಟ್ಟಿಯಾಗುತ್ತದೆ ಎನ್ನುತ್ತದೆ ಸ್ಕಾಟಿಷ್ ಕಾನೂನು.

ಆದರೂ ಬೆಟ್ಟ ಬಿಕರಿಯಾಗಲಿಲ್ಲ. ಬೆಲೆಯೇ ತಪ್ಪಾಗಿತ್ತೆಂದು ನನ್ನ ಎಣಿಕೆ. ಅಲ್ಲಿ ಬೆಳೆಯಿಲ್ಲ, ಮರವಿಲ್ಲ. ಹತ್ತುವವರಿಂದ ಕಾಸು ವಸೂಲಿ ಮಾಡುವಂತೆಯೂ ಇಲ್ಲ; ರೂಢಿಯಲ್ಲಿದ್ದ ಓಡಾಟದ ಸ್ವಾತಂತ್ರ್ಯವನ್ನು 2003ರ ಭೂಸುಧಾರಣಾ ಕಾಯ್ದೆ ಹಕ್ಕಾಗಿಯೇ ಬರೆದಿಟ್ಟಿತು. ಹುಟ್ಟುವಳಿಯಿಲ್ಲದ ಬಂಡೆಗೆ ಅಷ್ಟು ದುಡ್ಡು ಯಾರು ಸುರಿಯುತ್ತಾರೆ? ಕೋಟೆಯ ದುರಸ್ತಿಗೆ ಪ್ರತಿಯಾಗಿ ಬೆಟ್ಟವನ್ನು ಸಾರ್ವಜನಿಕರಿಗೇ ಬಿಟ್ಟುಕೊಡುವ ಮಾತನ್ನೂ ಜಾನ್ ಆಮೇಲೆ ಆಡಿದರು. ಅದು ಒಳ್ಳೆಯ ಯೋಜನೆಯಾಗಿತ್ತು. ಲಾಟರಿ ನಿಧಿಯ ಹಣ ಸಿಗಲಿಲ್ಲ, ಕೈಗೂಡಲಿಲ್ಲ. 2007ರಲ್ಲಿ ಅವರು ತೀರಿಕೊಂಡಾಗಲೂ ಬೆಟ್ಟ ಮನೆತನದ ಹೆಸರಿನಲ್ಲೇ ಇತ್ತು.

ಅವರನ್ನು ದುರಾಸೆಯವರೆಂದು ಬೈದವರ ಜತೆ ನಾನು ಸೇರಲಾರೆ. ನೆಲ ಮಾರಿ ಮನೆ ಉಳಿಸಿಕೊಳ್ಳುವುದು ಆ ಮನೆತನಕ್ಕೆ ಹೊಸದಲ್ಲ. 23ನೇ ಯಜಮಾನ ನಾರ್ಮನ್ ತಾತನ ಸಾಲ ಹೊತ್ತು 1779ರಲ್ಲಿ ಹ್ಯಾರಿಸ್ ದ್ವೀಪದ ಭೂಮಿಯನ್ನೇ ಮಾರಿದ. ಆಮೇಲೆ ಇಂಡಿಯಾಕ್ಕೆ ಬಂದು, ಬ್ರಿಟಿಷ್ ಸೈನ್ಯದ 42ನೇ ಹೈಲ್ಯಾಂಡರ್ ದಳದ ಎರಡನೇ ಬೆಟಾಲಿಯನ್ನಿನ ಮುಖ್ಯಸ್ಥನಾಗಿ 1782ರಲ್ಲಿ ಪೊನ್ನಾನಿಯಲ್ಲಿ ಟಿಪ್ಪುವಿನ ಸೈನ್ಯವನ್ನು ಎದುರಿಸಿದ. ನಮ್ಮ ಮಂಗಳೂರಿನ ಕೋಟೆಯಲ್ಲಿ 1783ರಲ್ಲಿ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿಬಿದ್ದ ಸೈನಿಕರಲ್ಲಿ ಅದೇ ದಳದವರಿದ್ದರು. ಊರಿಗೆ ಮರಳಿದ ಮೇಲೆ ಅವನು ಕೈಹಾಕಿದ್ದೂ ಡನ್‌ವೆಗನ್ ದುರಸ್ತಿಗೇ. 25ನೇ ಯಜಮಾನನ ಮೇಲೆ ನನಗೆ ಹೆಚ್ಚು ಗೌರವ. 1846ರಿಂದ ಆಲೂಗಡ್ಡೆಗೆ ರೋಗ ಬಂದು ಜನ ಹಸಿದಾಗ, ಅವರಿಗೆ ಊಟಕ್ಕೆ ಹಾಕಿಯೇ ದಿವಾಳಿಯಾದ. ಕೋಟೆ ಬಿಟ್ಟು ಲಂಡನ್ನಿನಲ್ಲಿ ಗುಮಾಸ್ತನಾಗಿ ದುಡಿದ.

ಈಗಿರುವವರು 30ನೇ ಯಜಮಾನ ಹ್ಯೂ ಮೆಕ್‌ಲೌಡ್. ಸಿನಿಮಾ ನಿರ್ಮಾಣದಿಂದ ಬಂದವರು. ದೊಡ್ಡ ಗಂಟಿಗೆ ಕಾಯದೆ ಹಂತಹಂತವಾಗಿ ದುರಸ್ತಿ ಮಾಡಿಸಿದ್ದಾರೆ. ಕೋಟೆಯ ಟಿಕೆಟ್ಟು, ಅಂಗಡಿ, ಸೀಲ್ ನೋಡುವ ದೋಣಿಯಾನ, ಗ್ಲೆನ್‌ಬ್ರಿಟಲ್‌ನ ಡೇರೆಬಯಲು: ಹೀಗೆ ಚಿಲ್ಲರೆ ಕೂಡಿಸಿ ನಡೆಸುವ ಸಂಸಾರ. 1933ರಿಂದ ಕೋಟೆ ಜನರಿಗೆ ತೆರೆದಿದೆ. ಏಪ್ರಿಲ್‌ನಿಂದ ಅಕ್ಟೋಬರ್ ಮಧ್ಯದೊಳಗೆ ಹೋಗು, ಆಮೇಲೆ ಬಾಗಿಲು ಹಾಕುತ್ತಾರೆ. ಒಳಗೆ ಹಿಂದಿನ ಯಜಮಾನ ರೋರಿ ಮೋರ್‌ನ ಕೊಂಬು ಇದೆ, ತಪ್ಪದೆ ನೋಡು. ಅದರ ತುಂಬ ವೈನ್ ಹೊಯ್ದು ಉತ್ತರಾಧಿಕಾರಿ ಒಂದೇ ಸಲಕ್ಕೆ ಕುಡಿದು ಮುಗಿಸಬೇಕು. ಜಾನ್ 1965ರಲ್ಲಿ ಎರಡು ನಿಮಿಷದೊಳಗೆ ಮುಗಿಸಿದ್ದರು.

ಈಗಿನ ಯಜಮಾನ ಹ್ಯೂ ಅವರಿಗೆ ಪತ್ರ ಬರೆಯುವುದಿದ್ದರೆ ಮಿಸ್ಟರ್ ಸೇರಿಸಬೇಡ. ಯಜಮಾನರನ್ನು ಕುಲದ ಹೆಸರಿನಿಂದಲೇ, ಬರೀ 'ಮೆಕ್‌ಲೌಡ್' ಎಂದೇ ಸಂಬೋಧಿಸುವುದು ಅಲ್ಲಿನ ಮರ್ಯಾದೆ. ಅಂಗಡಿಯಲ್ಲಿ ಕುಲದ ಲಾಂಛನವಾದ ಗೂಳಿ ತಲೆಯ ಪದಕ ಕೊಳ್ಳುವುದಾದರೆ ಸುತ್ತಲೂ ಬಕಲ್ ಹಾಕಿದ ಪಟ್ಟಿ ಇರುವುದನ್ನೇ ಆರಿಸು. ಕುಲದವರು ಧರಿಸುವುದು ಅದನ್ನೇ. ಪಟ್ಟಿಯಿಲ್ಲದ ಲಾಂಛನ, ಮೂರು ಹದ್ದಿನ ಗರಿ ಯಜಮಾನರೊಬ್ಬರಿಗೇ ಮೀಸಲು.

ದಪ್ಪ ಸ್ವೆಟರ್, ನೀರು ಹಿಡಿಯದ ಬೂಟು ಮರೆಯಬೇಡ. ತಲುಪಿದ ಮೇಲೆ ಅಮ್ಮನಿಗೆ ಫೋನ್ ಮಾಡು.

ನಿನ್ನ
ಅಪ್ಪ